ಮಾವ ಕೊಡಬೇಕಾಗಿದ್ದ ವಾಚು

ನಮ್ಮ ಕಡೆ ಗಂಡಸಿನ ಮೊದಲ ವಾಚು ಮಾವ ಕೊಟ್ಟದ್ದೇ ಆಗಿರುತ್ತದೆ. ಲಗ್ನ ಗೊತ್ತಾದ ದಿನ ಎರಡೂ ಕಡೆಯ ಹಿರಿಯರು ಕೂತು ಯಾದಿ ಬರೆಯುತ್ತಾರೆ. ಯಾರು ಯಾರಿಗೆ ಏನು ಕೊಡಬೇಕು ಅನ್ನುವ ಪಟ್ಟಿ ಅದು. ಅದರಲ್ಲಿ ಗಂಡಿಗೆ ಒಂದು ವಾಚು ಇದ್ದೇ ಇರುತ್ತದೆ. ಅದಕ್ಕೇ ನಮ್ಮೂರಲ್ಲಿ ಲಗ್ನವಾಗದ ಹುಡುಗರ ಕೈ ಬರಿದು. ವಾಚು ಕಟ್ಟಿದವನನ್ನು ಕಂಡರೆ ಹೆಣ್ಣು ಇದ್ದವರು ಅವನ ಕಡೆ ತಿರುಗಿಯೂ ನೋಡುವುದಿಲ್ಲ. ಅವನದು ಆಗಿಹೋಗಿದೆ ಎಂದೇ ಅರ್ಥ.

ನನಗೆ ಅಷ್ಟು ದಿನ ಕಾಯುವುದು ಆಗಲಿಲ್ಲ. ಅದಕ್ಕೆ ಕಾರಣವಿತ್ತು.

ನಾನು ಏಳನೇ ಇಯತ್ತೆ ಅರ್ಧಕ್ಕೆ ಬಿಟ್ಟವನು. ತೆಲಸಂಗದ ಆಚೆ ನಮ್ಮದೊಂದು ಮಳೆ ನೆಚ್ಚಿದ ಹೊಲ. ಅದರಲ್ಲಿ ನಾಲ್ಕು ಜನಕ್ಕೆ ಕೆಲಸವಿಲ್ಲ. ಹಾಗಾಗಿ ಐಗಳಿಯ ಒಬ್ಬ ತೋಟದ ಸಾಹುಕಾರರ ಟ್ರ್ಯಾಕ್ಟರ್ ಮೇಲೆ ಹೋಗುತ್ತಿದ್ದೆ. ಕಬ್ಬಿನ ಸೀಜನ್ ಬಂತೆಂದರೆ ಫ್ಯಾಕ್ಟರಿಯ ಮುಂದೆ ಟ್ರ್ಯಾಕ್ಟರುಗಳ ಸಾಲು ನಿಲ್ಲುತ್ತಿತ್ತು. ಇಷ್ಟು ಗಂಟೆಗೆ ನಿನ್ನ ಪಾಳಿ ಎಂದು ಚೀಟಿ ಕೊಡುತ್ತಿದ್ದರು. ಆ ಹೊತ್ತಿಗೆ ಗಾಡಿಯ ಹತ್ತಿರ ಇಲ್ಲದಿದ್ದರೆ ಸಾಲಿನ ಬಾಲಕ್ಕೆ ಹೋಗಬೇಕು. ಚಹಾ ಕುಡಿಯಲು ಹೋದರೂ ಟೈಮು ಕೇಳಬೇಕು, ಕಾಲ್ಮಡಿಗೆ ಹೋದರೂ ಕೇಳಬೇಕು. ಒಂದು ದಿನ ನಿಪ್ಪಾಣಿ ಕಡೆಯ ಡ್ರೈವರ್ ಒಬ್ಬನನ್ನು ಮೂರನೇ ಸಲ ಕೇಳಿದೆ. ಅವನು ಸ್ಟೇರಿಂಗ್ ಮೇಲೆ ಕಾಲು ಚಾಚಿಕೊಂಡು ಮಲಗಿದ್ದ.

"ಏ ಮರಾಯಾ, ನಿನಗ ಟೈಮ್ ಹೇಳಾಕ ನನಗೇನ ಪಗಾರ ಕೊಡ್ತಾರೇನು? ಲಗ್ನ ಮಾಡ್ಕೋ, ವಾಚ್ ಬರ್ತೈತಿ" ಅಂದ.

ಸುತ್ತಲಿದ್ದ ಹತ್ತು ಡ್ರೈವರುಗಳು ನಕ್ಕರು. ಒಂದು ವಾಚಿಗಾಗಿ ಒಂದು ಲಗ್ನ ಮಾಡಿಕೊಳ್ಳಬೇಕೇ? ಸ್ವಂತ ದುಡಿಮೆಯಲ್ಲೇ ತಗೊಳ್ಳುತ್ತೇನೆ ಅಂತ ಅಲ್ಲೇ ಗಟ್ಟಿ ಮಾಡಿದೆ.

ಮರುವರ್ಷ ಲೈಸೆನ್ಸ್ ತರಲು ಚಿಕ್ಕೋಡಿಗೆ ಹೋದೆ. ಜೊತೆಗೆ ನನ್ನ ಗೆಳೆಯ ಇದ್ದ. ಅವನೂ ಅದೇ ಸಾಹುಕಾರರ ಹತ್ತಿರ ಡ್ರೈವರ್. ಲೈಸೆನ್ಸ್ ಕೈಗೆ ಬಂದ ಮೇಲೆ ಬಸ್‌ಸ್ಟ್ಯಾಂಡಿನ ಕಡೆ ಹೋಗದೆ ಪೇಟೆಯ ಕಡೆ ತಿರುಗಿದೆ. ಗೆಳೆಯನಿಗೆ ಗೊತ್ತಾಯಿತು.

"ವಾಚಿನ ಅಂಗಡಿಗೆ ಹೊಂಟಿ ಹೌದಲ್ಲ? ನಿಮ್ಮಪ್ಪ ತೊಗಲ ಸುಲೀತಾನ ನೋಡ."

"ಸುಲೀಲಿ. ಕೈ ಅಂತೂ ಬಿಡ್ತಾನಲಾ?"

ಅಂಗಡಿ ಸಣ್ಣದು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಒಬ್ಬ ಮುದುಕ ಮಾಲಕ ಕೂತಿದ್ದ. ಮೊದಲು ಬ್ಯಾಟರಿಯ ವಾಚು ತೆಗೆದ. ಕರಿ ಪ್ಲಾಸ್ಟಿಕ್ಕು, ಅಂಕಿ ತಾನೇ ಬದಲಾಗುತ್ತದೆ, ತಾರೀಖು ತೋರಿಸುತ್ತದೆ, ಗುಂಡಿ ಒತ್ತಿದರೆ ದೀಪ. ನೀರು ಬಿದ್ದರೂ ಏನಾಗುವುದಿಲ್ಲ ಅಂದ. ಬೆಲೆಯೂ ಕಡಿಮೆ. ಗೆಳೆಯ ಅದನ್ನು ಬಿಡಲೇ ಇಲ್ಲ.

"ಇದನ್ನ ತಗೊ. ಧೂಳ, ಎಣ್ಣಿ, ಗ್ರೀಸು, ನಮ್ಮ ಕೆಲಸ ಇಂಥಾದ್ದು. ಉಳಿದ ರೊಕ್ಕದಾಗ ಒಂದ ಜೋಡ ಬೂಟ ಬರ್ತಾವು."

ಅವನ ಮಾತು ಸರಿಯೇ. ಆದರೆ ನನ್ನ ಕಣ್ಣು ಗಾಜಿನ ಕೆಳಗಿದ್ದ ಇನ್ನೊಂದರ ಮೇಲೆ ನಿಂತಿತ್ತು. ಉಕ್ಕಿನದು, ಗುಂಡಗೆ, ಬಿಳಿ ಮುಖ, ನೀಲಿ ಮುಳ್ಳು. ಕೆಳಗೆ ಒಂದು ಪುಟ್ಟ ಸುತ್ತಿನಲ್ಲಿ ಸೆಕೆಂಡಿನ ಮುಳ್ಳು ಬೇರೆಯೇ ಓಡುತ್ತಿತ್ತು. ಕೊಡಿ ಅಂದೆ.

ಮುದುಕ ಕೊಡುವ ಮೊದಲೇ ಹೆದರಿಸಿದ. "ಇದು ಚಾವಿ ವಾಚ್ ತಮ್ಮಾ. ದಿನಾ ಮುಂಜಾನೆ ಚಾವಿ ಕೊಡಬೇಕು. ಮರತ್ರ ನಿಲ್ತೈತಿ. ವಾರಕ್ಕೊಮ್ಮೆ ಮುಳ್ಳ ತಿರುವಿ ಟೈಮ್ ಸರಿ ಮಾಡ್ಬೇಕು. ನೀರಾಗ ಹಾಕೂಹಂಗಿಲ್ಲ. ಮೂರ ವರ್ಷಕ್ಕೊಮ್ಮೆ ಬಿಚ್ಚಿ ಎಣ್ಣಿ ಹಾಕಸ್ಬೇಕು. ಆಮ್ಯಾಲ ಬಂದು ನನಗ ಬೈಬ್ಯಾಡ."

"ಟ್ರ್ಯಾಕ್ಟರಿಗೂ ಎಣ್ಣಿ ಹಾಕ್ತೀವಿರಿ" ಅಂದೆ.

ಮುದುಕ ನಕ್ಕ. ಬೆನ್ನಿನ ಮುಚ್ಚಳ ಬಿಚ್ಚಿ ತೋರಿಸಿದ. ಒಳಗೆ ಕೂದಲಿನಷ್ಟು ಸಣ್ಣ ಸ್ಪ್ರಿಂಗು, ಅದರ ಮೇಲೆ ಒಂದು ಚಕ್ರ ಆ ಕಡೆ ಈ ಕಡೆ ಹೊಡೆದುಕೊಳ್ಳುತ್ತಿತ್ತು. ಅದು ಹೊಡೆದುಕೊಂಡಾಗಲೆಲ್ಲ ಪಕ್ಕದ ಗಾಲಿಯ ಹಲ್ಲು ಒಂದೊಂದೇ ಜಾರುತ್ತಿತ್ತು. ಇಂಜಿನ್ನು ಬಿಚ್ಚಿ ನೋಡಿದವನು ನಾನು. ಈ ಸಣ್ಣದರಲ್ಲಿ ಅಷ್ಟೂ ಇತ್ತು. ಬ್ಯಾಟರಿ ವಾಚಿನ ಒಳಗೇನಿದೆ ಅಂದೆ. ಅದನ್ನೂ ತೆರೆದು ತೋರಿಸಿದ. ಗುಂಡಿಯಂಥ ಒಂದು ಬ್ಯಾಟರಿ, ಒಂದು ಹಸಿರು ತಗಡು. ನೋಡುವುದಕ್ಕೆ ಏನೂ ಇರಲಿಲ್ಲ.

"ಬ್ಯಾಟರಿ ಸತ್ರ ಮತ್ತ ಚಿಕ್ಕೋಡಿಗೆ ಬರಬೇಕು. ಇದಕ್ಕ ನನ್ನ ಬೆರಳ ಸಾಕು" ಎಂದು ಗೆಳೆಯನಿಗೆ ಹೇಳಿದೆ. ಅದು ನೆಪ. ಚಿಕ್ಕೋಡಿ ಎರಡು ವರ್ಷಕ್ಕೊಮ್ಮೆ ಬಂದುಹೋಗಲಾರದಷ್ಟು ದೂರವೇನಲ್ಲ. ನನಗೆ ಅದು ಬೇಕಾಗಿತ್ತು, ತಗೊಂಡೆ. ಬೂಟು ಇಲ್ಲದೆ ಬಸ್ಸು ಹತ್ತಿದೆ.

ಮನೆಯಲ್ಲಿ ಅಪ್ಪ ತೊಗಲು ಸುಲಿಯಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದ. ನಾಲ್ಕು ದಿನ ಮಾತು ಬಿಟ್ಟ. ಐದನೇ ದಿನ ಅವ್ವನಿಗೆ ಹೇಳುವಂತೆ ನನಗೆ ಹೇಳಿದ. "ಪುಕ್ಕಟ ಬರೂ ಮಾಲಿಗೆ ರೊಕ್ಕ ಸುರದ ಬಂದಾನ ನಿನ್ನ ಮಗ. ಇನ್ನ ಲಗ್ನ ಆಗೇತಿ ಅಂತ ತಿಳ್ಕೊಂಡು ಯಾರೂ ಹೆಣ್ಣ ತೋರಸೂದಿಲ್ಲ, ಬರದಿಟ್ಕೋ."

ಅವ್ವ ಮಾತ್ರ ವಾಚನ್ನು ಕಿವಿಗೆ ಹಿಡಿದು, "ಏನ ಚುರಕ ಐತಿ ಇದು" ಅಂದಳು.

ಬೆಳಿಗ್ಗೆ ಎದ್ದು ಮುಖ ತೊಳೆದ ಕೂಡಲೇ ಚಾವಿ ಕೊಡುತ್ತಿದ್ದೆ. ತಿರುವಿದಂತೆ ಬೆರಳಿಗೆ ಬಿಗಿ ತಾಗುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಆ ಬಿಗಿ ಸಿಕ್ಕರೆ ದಿನ ಚಾಲೂ ಆದಂತೆ. ಫ್ಯಾಕ್ಟರಿಯ ಸಾಲಿನಲ್ಲಿ ಈಗ ಬೇರೆಯವರು ನನ್ನನ್ನು ಟೈಮು ಕೇಳುತ್ತಿದ್ದರು. ನಾನು ಎಲ್ಲರಿಗೂ ಹೇಳುತ್ತಿದ್ದೆ, ಕೇಳದವರಿಗೂ ಹೇಳುತ್ತಿದ್ದೆ.

ಎರಡು ಸೀಜನ್ ಕಳೆಯಿತು. ರಾಯಬಾಗದ ಹತ್ತಿರದ ಒಂದು ಊರಿನಿಂದ ಹೆಣ್ಣಿನ ಸುದ್ದಿ ಬಂತು. ಹುಡುಗಿ ಮ್ಯಾಟ್ರಿಕ್ ಪಾಸು. ಒಪ್ಪಿಗೆಯಾದರೆ ಅದೇ ದಿನ ಯಾದಿ ಬರೆದುಬಿಡೋಣ ಎಂದು ಹೇಳಿ ಕಳಿಸಿದ್ದರು. ನಾನು, ಅಪ್ಪ, ಕಾಕಾ ಹೋದೆವು. ಊರು ಬರುವ ಮೊದಲೇ ಬಸ್ಸಿನಲ್ಲಿ ಕಾಕಾ ನನ್ನ ಮೊಣಕೈ ಹಿಡಿದ.

"ವಾಚ್ ಬಿಚ್ಚಿ ಕಿಸೇದಾಗ ಇಟ್ಕೋ."

"ಯಾಕ?"

"ಯಾಕ ಅಂತಾನ ನೋಡ, ಶಾಣ್ಯಾ. ಬರೇ ಕೈ ಕಂಡ್ರ ವಾಚ್ ಬರೀತಾರ. ತುಂಬಿದ ಕೈಗಿ ಯಾರ ಕೊಡ್ತಾರ?"

ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ. ಬಿಚ್ಚು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ನಾನು ಬಿಚ್ಚಿದೆ. ಆವತ್ತು ನನಗೆ ನನ್ನ ಮೇಲೇ ಹೇಸಿಗೆ ಬಂತು. ಇಷ್ಟೆಲ್ಲ ಮಾಡಿ ತಗೊಂಡದ್ದನ್ನು ಕಳ್ಳ ಮಾಲಿನ ಹಾಗೆ ಕಿಸೆಗೆ ಹಾಕಿದೆನಲ್ಲ ಎಂದು.

ಅವರ ಮನೆ ಬಾಗಿಲಲ್ಲಿ ಕಾಲು ತೊಳೆಯಲು ನೀರು ಕೊಟ್ಟರು. ಅಂಗಿಯ ತೋಳು ಮೇಲೆ ಮಾಡಿ ಕೈಕಾಲು ತೊಳೆದೆ. ಜಮಖಾನೆ ಹಾಸಿದ್ದರು, ಕೂತೆವು. ಅವಲಕ್ಕಿ ಬಂತು, ಚಹಾ ಬಂತು. ಹುಡುಗಿ ಬಂದು ಕೂತಳು. ನೆಲ ನೋಡುತ್ತ ಕೂರಲಿಲ್ಲ, ಒಮ್ಮೆ ನೇರ ನನ್ನನ್ನು ನೋಡಿದಳು. ನನಗೆ ಒಪ್ಪಿಗೆ. ಅವಳು ಒಳಗೆ ಹೋಗಿ ಬಾಗಿಲ ಮರೆಯಲ್ಲಿ ನಿಂತಳು. ಅವಳು ಒಳಗೆ ಹೋಗಿ ಬಾಗಿಲ ಮರೆಯಲ್ಲಿ ನಿಂತಳು. ಊರ ಹಿರಿಯರೊಬ್ಬರು ಹಾಳೆಗೆ ಅರಿಶಿನ ಹಚ್ಚಿ ಪೆನ್ನು ತೆಗೆದರು. ಅರಿಶಿನ ಹಚ್ಚಿದ ಹಾಳೆಯಲ್ಲಿ ಬರೆದದ್ದನ್ನು ಆಮೇಲೆ ಹೊಡೆದು ಹಾಕುವಂತಿಲ್ಲ, ಅದು ಅಪಶಕುನ. ಸೀರೆ ಬರೆದರು, ಪಾತ್ರೆ ಬರೆದರು, ಊಟದ ಖರ್ಚು ಯಾರದು ಎಂದು ಬರೆದರು.

"ಇನ್ನ ಹುಡುಗಗ ಒಂದ ವಾಚ್, ಅದು ರೂಢಿನ ಐತಿ" ಎಂದು ಹಿರಿಯರು ಪೆನ್ನು ಹಾಳೆಯ ಹತ್ತಿರ ತಂದರು. ಕಾಕಾ ನನ್ನ ತೊಡೆಗೆ ಮೆತ್ತಗೆ ಗುದ್ದಿದ.

ಗೋಡೆಗೆ ಒರಗಿ ಕೂತಿದ್ದ ಹುಡುಗಿಯ ಅಜ್ಜಿ ಬಾಯಿ ತೆರೆದಳು. ಅಲ್ಲಿಯವರೆಗೆ ಎಲೆ ಅಡಿಕೆ ಜಗಿಯುತ್ತಿದ್ದವಳು.

"ತಮ್ಮಾ, ನಿನ್ನ ಎಡಗೈ ತೋರಸ."

ಚಾಚಿದೆ. ಎರಡು ಸೀಜನ್ ಬಿಸಿಲಿನಲ್ಲಿ ಟ್ರ್ಯಾಕ್ಟರ್ ಹೊಡೆದ ಕೈ ಅದು, ಇದ್ದಿಲಿನ ಬಣ್ಣ. ಮಣಿಕಟ್ಟಿನಲ್ಲಿ ಮಾತ್ರ ಬೆಳ್ಳಗೆ ಒಂದು ಪಟ್ಟೆ, ಪಟ್ಟೆಯ ಮೇಲೆ ಒಂದು ಗುಂಡನೆಯ ಬಿಳಿ ಗುರುತು. ಕೈ ತೊಳೆಯುವಾಗಲೇ ಮುದುಕಿ ಕಂಡಿದ್ದಳು. ಇದು ನಮಗೆ ಮೂವರಿಗೂ ಹೊಳೆದಿರಲಿಲ್ಲ.

ಕಾಕಾ ಹಾರಿಬಿದ್ದ. "ಅದ... ದೇವರ ದಾರ ಕಟ್ಟಿದ್ದನ್ರಿ ಆಯಿ."

"ಇಷ್ಟ ಅಗಲ ದಾರ ಯಾ ದೇವರದಪಾ? ನಮಗೂ ಹೇಳ, ನಡಕೋತೀವಿ."

ಇಡೀ ಜಮಖಾನೆ ನಕ್ಕಿತು. ಅಪ್ಪನ ಮುಖ ಇಳಿಯಿತು. ನನಗೆ ಮಾತ್ರ ಒಮ್ಮೆಲೇ ಹಗುರಾಯಿತು. ಕಿಸೆಯಿಂದ ವಾಚು ತೆಗೆದೆ, ಎಲ್ಲರ ಎದುರಿಗೇ ಕಟ್ಟಿಕೊಂಡೆ.

"ವಾಚ್ ನಂದ. ನಾ ದುಡದ ತಗೊಂಡಿದ್ದು. ಮುಚ್ಚಿದ್ದು ತಪ್ಪ. ನನಗ ಇನ್ನೊಂದ ಬ್ಯಾಡ. ಬರೀಬ್ಯಾಡ್ರಿ."

ಹಿರಿಯರ ಪೆನ್ನು ಗಾಳಿಯಲ್ಲೇ ನಿಂತಿತು. ಇಷ್ಟಕ್ಕೆ ಮುಗಿಯುತ್ತದೆ ಅಂದುಕೊಂಡೆ. ಹುಡುಗಿಯ ಅಪ್ಪನಿಗೆ ಸಿಟ್ಟು ಬಂತು. ಸುಳ್ಳು ಹೇಳಿದ್ದಕ್ಕಲ್ಲ, ಬೇಡ ಅಂದದ್ದಕ್ಕೆ.

"ಅಳಿಯಗ ವಾಚ್ ಸೈತ ಕೊಡ್ಲಿಲ್ಲ ಅಂತ ನಾಲ್ಕ ಮಂದ್ಯಾಗ ನನ್ನ ಮೂಗ ಕೊಯ್ಸತೀಯೇನು? ಬಂಗಾರ ಬಣ್ಣದ್ದು, ಬ್ಯಾಟರೀದು, ಕಾಗವಾಡದಾಗ ನೋಡಿಟ್ಟ ಬಂದೇನಿ. ಇದನ್ನ ಹೊಲಕ್ಕ ಕಟ್ಕೊ, ಅದನ್ನ ಲಗ್ನ ಮುಂಜಿಗೆ ಕಟ್ಕೊ."

ಕಾಕಾ ಕಿವಿಯಲ್ಲಿ ಉಸುರಿದ, "ಹೂಂ ಅನ್ನಲೇ, ಹುಚ್ಚಾ."

ವ್ಯವಹಾರಕ್ಕೆ ಅದೇ ಸರಿ. ಒಂದರ ಬದಲು ಎರಡು, ಬೀಗರಿಗೂ ಸಮಾಧಾನ, ಅಪ್ಪನಿಗೂ ಸಮಾಧಾನ. ಆದರೆ ಅದನ್ನು ತಗೊಂಡರೆ ನಾಳೆಯಿಂದ ಎಲ್ಲರೂ ಆ ಬಂಗಾರದ ಬಣ್ಣವನ್ನೇ ಕಟ್ಟು ಅನ್ನುತ್ತಾರೆ. ನನ್ನದು ಗೂಟಕ್ಕೆ ಬೀಳುತ್ತದೆ. ಚಾವಿ ಕೊಡದೆ ಎರಡು ದಿನ ಬಿಟ್ಟರೆ ಅದು ಸತ್ತಂತೆ.

"ಒಂದ ಕೈಗಿ ಒಂದ ವಾಚ್ರಿ ಮಾಮಾ" ಅಂದೆ. "ನಿಮ್ಮ ಮಾನ ಕಳೀಬೇಕಂತ ಅಲ್ಲ. ಇದನ್ನ ಬಿಟ್ಟ ಇನ್ನೊಂದ ನಾ ಕಟ್ಟೂದಿಲ್ಲ."

ಅಪ್ಪ ಎದ್ದೇ ಬಿಡುತ್ತಾನೇನೋ ಅನ್ನಿಸಿತು. ಹುಡುಗಿ ಕೈ ತಪ್ಪಿಹೋದಳು ಅನ್ನುವ ಹೆದರಿಕೆ ಆಗ ಮೊದಲ ಸಲ ಹುಟ್ಟಿತು. ಆದರೂ ಬಾಯಿಂದ ಹೂಂ ಬರಲಿಲ್ಲ.

ಅಜ್ಜಿ ಕೈ ಚಾಚಿದಳು. "ಕೊಡಿಲ್ಲಿ. ಹಂತಾದ್ದು ಏನೈತಿ ಇದರಾಗ, ನೋಡೂನು."

ಬಿಚ್ಚಿ ಕೊಟ್ಟೆ. ಅವಳು ಕಿವಿಗೆ ಹಿಡಿದಳು. ಜಗಿಯುವುದು ನಿಲ್ಲಿಸಿದಳು. ಬಹಳ ಹೊತ್ತು ಕೇಳಿದಳು. ಆಮೇಲೆ ಬಾಗಿಲ ಮರೆಯ ಕಡೆಗೆ ಚಾಚಿದಳು. ಒಳಗಿನಿಂದ ಒಂದು ಕೈ ಬಂದು ತಗೊಂಡಿತು. ಮರೆಯಲ್ಲಿ ಏನು ನಡೆಯಿತೋ ನಮಗೆ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಹುಡುಗಿ ತಾನೇ ಹೊಸ್ತಿಲ ಮೇಲೆ ಬಂದು ನಿಂತಳು. ವಾಚು ಅಂಗೈಯಲ್ಲಿತ್ತು.

"ಅಪ್ಪಾ, ಕೊಡೂದ ಐತಿ ಅಂದ್ರ ಆ ವಾಚ್ ನನಗ ಕೊಡ್ರಿ. ಬಂಗಾರ ಬಣ್ಣದ್ದ ಬ್ಯಾಡ. ಹಿಂಥಾ ಚಾವೀದು."

ನಮ್ಮ ಕಡೆ ಆಗ ವಾಚು ಕಟ್ಟುತ್ತಿದ್ದ ಹೆಂಗಸರೆಂದರೆ ಸಾಲಿಯಲ್ಲಿ ಕಲಿಸುವ ಬಾಯಿಯವರು, ದವಾಖಾನೆಯ ನರ್ಸಬಾಯಿ. ಹೊಲದ ಮನೆಯ ಸೊಸೆಯ ಕೈಯಲ್ಲಿ ವಾಚು ಯಾರೂ ಕಂಡಿರಲಿಲ್ಲ. ಕಾಕಾ, "ಹೆಣ್ಮಗಳಿಗಿ ವಾಚ್ ಯಾಕವಾ?" ಅಂದ.

ಅಜ್ಜಿಯೇ ಉತ್ತರ ಕೊಟ್ಟಳು. "ನೀವು ಗಂಡಸರು ಎಷ್ಟೊತ್ತಿಗಿ ಮನೀಗಿ ಬಂದ್ರಿ ಅಂತ ನೋಡಾಕ."

ಮಾವ ಮೊದಲು ನಗಲಿಲ್ಲ. ಮಗಳ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಹೊಟ್ಟೆ ಕುಣಿಯುವ ಹಾಗೆ ನಕ್ಕು ಹಿರಿಯರಿಗೆ, "ಬರೀರಿ, ನಾ ವಾಚ್ ಕೊಟ್ಟಂಗೂ ಆತು" ಅಂದ. ಹಾಳೆಯ ಮೇಲೆ ಪೆನ್ನು ಇಳಿಯಿತು. ಹುಡುಗಿಗೆ ಒಂದು ಕೈಗಡಿಯಾರ, ಚಾವಿಯದು.

ತಿರುಗಿ ಬರುವಾಗ ಬಸ್ಸಿನಲ್ಲಿ ಕಾಕಾ ಅಥಣಿಯವರೆಗೆ ಮುಖ ಊದಿಸಿಕೊಂಡಿದ್ದ. ಕೊನೆಗೆ ತಡೆಯಲಾಗದೆ, "ಬಂಗಾರ ಬಣ್ಣದ್ದ ತಗೊಂಡ ನನಗರ ಕೊಡಬೇಕಿತ್ತಿಲ್ಲೋ, ನಾ ಕಟ್ಕೋತಿದ್ನಿ" ಅಂದ. ಅಪ್ಪ ಅಷ್ಟು ಹೊತ್ತಿನಿಂದ ಬಿಗಿಹಿಡಿದಿದ್ದ ನಗು ಬಿಟ್ಟ. ಎರಡು ವರ್ಷದಲ್ಲಿ ನನ್ನ ವಾಚಿನ ವಿಷಯಕ್ಕೆ ಅವನು ನಕ್ಕದ್ದು ಅದೇ ಮೊದಲು.

ಲಗ್ನದ ದಿನ ಹಂದರದಲ್ಲಿ ಯಾದಿ ಗಟ್ಟಿಯಾಗಿ ಓದಿ, ಕೊಟ್ಟದ್ದನ್ನೆಲ್ಲ ಜನರಿಗೆ ತೋರಿಸುವುದು ಪದ್ಧತಿ. ಅದೇ ಹಿರಿಯರು ಓದುತ್ತ ಬಂದರು. ಸೀರೆ ಅಂದಾಗ ಯಾರೂ ತಲೆ ಎತ್ತಲಿಲ್ಲ, ಪಾತ್ರೆ ಅಂದಾಗಲೂ ಇಲ್ಲ. "ಹುಡುಗಿಗೆ ಒಂದು ಕೈಗಡಿಯಾರ" ಅಂದದ್ದೇ ತಡ, ಹೆಂಗಸರು ಕೂತಿದ್ದ ಕಡೆಯಿಂದ ಗದ್ದಲ ಎದ್ದಿತು.

"ಏನಂದ್ರಿ? ಯಾರಿಗಿ? ಇನ್ನೊಮ್ಮೆ ಓದ್ರಿ!"

ಹಿರಿಯರು ಇನ್ನೊಮ್ಮೆ ಓದಿದರು. ಅವಳು ಮೂರು ಮಂದಿ ಗೆಳತಿಯರ ನಡುವಿನಿಂದ ಹಸಿರು ಬಳೆ ಮೇಲೆ ಸರಿಸಿ, ಕೈ ಎತ್ತಿ ತೋರಿಸಿದಳು.