ಬಾರ್ಡ್ ಪಾತ್ರಕ್ಕೆ ಬಿದ್ದ ಹಾರ್ಮೋನಿಯಂ ಮೇಷ್ಟ್ರು

ಬುಕ್ಕಾಪಟ್ಟಣದ ತಿಪ್ಪೇರುದ್ರ ಮೇಷ್ಟ್ರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಜನ ಹೇಳುತ್ತಾರೆ. ಹೇಳುವವರಿಗೇನು, ಊರೂರು ತಿರುಗಿ ಪೌರಾಣಿಕ ನಾಟಕ ಕಲಿಸುವ ಕೆಲಸವನ್ನು ಅವರೂ ಒಮ್ಮೆ ಮಾಡಿ ನೋಡಲಿ. ಪಾತ್ರಧಾರಿಗಳಲ್ಲಿ ಒಬ್ಬ ಜೆಸಿಬಿ ಓಡಿಸುವವನು, ಒಬ್ಬ ಪಂಚಾಯಿತಿ ಮೆಂಬರು, ಇನ್ನೊಬ್ಬನಿಗೆ ತಾಲೀಮಿನ ಹೊತ್ತಿಗೇ ಯಾವಾಗಲೂ ಬೀಗರ ಊಟ. ಆಂಧ್ರದ ಗಡಿಗೆ ಹತ್ತಿರದ ಬಲಸಮುದ್ರದ ಕಡೆ ಹೋದರೆ ದುರ್ಯೋಧನ ಅರ್ಧ ಮಾತನ್ನು ಕನ್ನಡದಲ್ಲಿ ಆಡಿ ಉಳಿದರ್ಧವನ್ನು ತೆಲುಗಿನಲ್ಲಿ ಮುಗಿಸುತ್ತಾನೆ. ಇಷ್ಟರ ನಡುವೆ ಮೇಷ್ಟ್ರು ರಂಗದ ಪಕ್ಕದಲ್ಲಿ ಕೂತು ಕಾಲು ಹಾರ್ಮೋನಿಯಂ ತುಳಿಯಬೇಕು, ಶ್ರುತಿ ಕೊಡಬೇಕು, ಮರೆತವನಿಗೆ ತುಟಿಯಲ್ಲೇ ಮಾತು ಎತ್ತಿಕೊಡಬೇಕು.

ಮರೆಯುವುದರಲ್ಲಿ ಕದಿರಯ್ಯನದು ಎತ್ತಿದ ಕೈ. ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುವ ಆಸಾಮಿ. ಆರಡಿ ಆಳು, ಮೀಸೆ ಸ್ವಂತದ್ದು, ಭೀಮನ ಪಾತ್ರಕ್ಕೆ ಹೇಳಿ ಮಾಡಿಸಿದ ಹಾಗಿದ್ದಾನೆ. ಆದರೆ ಮೊದಲ ಸಾಲು ಗರ್ಜಿಸಿದ ಮೇಲೆ ಅವನ ಕಣ್ಣು ಸೀದಾ ಹಾರ್ಮೋನಿಯಂ ಕಡೆ ಹೊರಳುತ್ತದೆ. ಮೇಷ್ಟ್ರು ತುಟಿ ಆಡಿಸುತ್ತಾರೆ, ಭೀಮ ಅದನ್ನೇ ಕೂಗುತ್ತಾನೆ, ಜನ ಎದ್ದು ಹಾರ ಹಾಕುತ್ತಾರೆ. ಹಾರ ಭೀಮನಿಗೆ.

ಮೇಷ್ಟ್ರಿಗೂ ಒಂದು ಆಸೆ ಇತ್ತು. ಒಮ್ಮೆಯಾದರೂ ನಡುವೆ ನಿಂತು ತಾನು ಮಾತಾಡಬೇಕು, ಜನ ತನ್ನ ಮುಖ ನೋಡಬೇಕು. ಹೆಂಡತಿ ನರಸಿಂಹಮ್ಮನನ್ನು ಬಿಟ್ಟು ಇದನ್ನು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

"ಮೀಸೆ ಅಂಟಿಸ್ಕಂಡು ನಿಂತ್ಕಳಿ ಮತ್ತೆ, ಬ್ಯಾಡ ಅಂದೋರು ಯಾರು?" ಎನ್ನುತ್ತಿದ್ದಳು ಆಕೆ.

"ಅಂಗಾದ್ರೆ ಪೆಟ್ಟಿಗೆ ನಿಮ್ಮಪ್ಪ ಬಂದು ಬಾರಿಸ್ತಾನಾ?" ಎಂದು ಸಿಡುಕಿ ಮೇಷ್ಟ್ರು ಎದ್ದುಹೋಗುತ್ತಿದ್ದರು. ಮೂವತ್ತು ವರ್ಷದ ಮೇಲಾಯಿತು, ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಹೀಗಿರುವಾಗ ತಂಗಿಯ ಮಗಳು ವನಜಾ ಒಂದು ಹೊಸ ಆಟದ ಸುದ್ದಿ ತಂದಳು. ಶಿರಾದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಹುಡುಗಿ. ಈ ಆಟವನ್ನು ಮೈಸೂರಿನ ಹಾಸ್ಟೆಲಿನಲ್ಲಿ ಕಲಿತು ಬಂದಿದ್ದಳು. ಮೇಜಿನ ಸುತ್ತ ಕೂತು ಆಡುವುದು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಹಿಡಿಯುತ್ತಾರೆ. ಕಾಡು, ಕೋಟೆ, ರಾಕ್ಷಸರು ಎಲ್ಲ ಮಾತಿನಲ್ಲೇ. ಮಾಡಹೊರಟದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ.

"ಮೊದ್ಲೇ ಬರ್ದಿಟ್ಟ ಮಾತೇ ಇರಲ್ಲ ಮಾವ. ನಿನ್ ಪಾತ್ರದ ಮಾತು ನೀನೇ ಆಡ್ಬೇಕು" ಎಂದಳು ವನಜಾ.

ಮೇಷ್ಟ್ರ ಕಿವಿ ನೆಟ್ಟಗಾಯಿತು. ಮುಂದಿನ ಭಾನುವಾರ ಮಧ್ಯಾಹ್ನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಶಿರಾ ಬಸ್ಸು ಹತ್ತಿದರು. ಆಟ ನಡೆಯುತ್ತಿದ್ದುದು ಗೌರೀಶನೆಂಬ ಹುಡುಗನ ಫ್ಲೆಕ್ಸ್ ಅಂಗಡಿಯ ಮಹಡಿಯಲ್ಲಿ. ಹೋಗಿ ನೋಡಿದರೆ ಅಲ್ಲಿ ಕದಿರಯ್ಯ ಆಗಲೇ ಕುರ್ಚಿ ತುಂಬ ಕೂತಿದ್ದಾನೆ. ಗೌರೀಶನಿಗೆ ಚಿಕ್ಕಪ್ಪನಂತೆ. ಮೇಷ್ಟ್ರಿಗೆ ಅರ್ಧ ಉತ್ಸಾಹ ಬಾಗಿಲಲ್ಲೇ ಇಳಿದುಹೋಯಿತು.

"ನಂಗೆ ಒಬ್ಬ ವೀರನ್ನ ಕೊಡಮ್ಮ, ಗದೆ ಇರ್ಲಿ" ಎಂದರು.

"ಗದೆ ನಂದು ಮೇಷ್ಟ್ರೇ" ಎಂದ ಕದಿರಯ್ಯ.

ಗೌರೀಶ ಕಳ್ಳನ ಪಾತ್ರ ಹಿಡಿದಿದ್ದ. ವನಜಾ ಸ್ವಲ್ಪ ಯೋಚಿಸಿ, "ಮಾವ, ನೀನು ಬಾರ್ಡ್ ಆಗು. ವಾದ್ಯ ಹಿಡ್ಕೊಂಡು ದೇಶ ತಿರುಗೋ ಹಾಡುಗಾರ. ನೀನು ಹಾಡಿದ್ರೆ ಜೊತೇಲಿರೋರಿಗೆ ಬಲ ಬರುತ್ತೆ, ಅವ್ರ ಏಟು ಗುರಿ ತಪ್ಪಲ್ಲ" ಎಂದಳು.

"ನಾನು ಹಾಡೋದು, ಬಲ ಬರೋದು ಇವ್ನಿಗೆ. ಇದನ್ನ ಆಡಕ್ಕೆ ಬಸ್ ಹತ್ಕಂಡು ಶಿರಾಕ್ಕೆ ಬರ್ಬೇಕಿತ್ತಾ?"

ಆದರೂ ಕೂತರು. ಕೂತ ಮೇಲೆ ಸುಮ್ಮನಿರುವುದು ಅವರ ಜಾತಕದಲ್ಲೇ ಇಲ್ಲ. ಕಳ್ಳ ಕಾವಲುಗಾರನ ಹತ್ತಿರ ಪಿಸುಗುಟ್ಟಿದರೆ, "ಎದೆಯಿಂದ ಬರ್ಬೇಕು ಮಾತು, ಹಿಂದ್ಗಡೆ ಕೂತೋರಿಗೆ ಕೇಳ್ಬೇಡ್ವಾ?" ಎಂದು ಗದರುವರು. ಕಳ್ಳನಾದವನು ಊರಿಗೆಲ್ಲ ಕೇಳುವಂತೆ ಮಾತಾಡುವುದುಂಟೇ ಎಂದು ಗೌರೀಶ ತಲೆ ಚಚ್ಚಿಕೊಂಡ. ಕದಿರಯ್ಯನ ವೀರ ಬಾಯಿ ತೆರೆದರೆ ಮೇಷ್ಟ್ರ ತುಟಿ ತಾನಾಗಿ ಆಡುತ್ತಿತ್ತು. ಅವನೂ ದಾಳ ನೋಡುವುದು ಬಿಟ್ಟು ಇವರ ತುಟಿ ನೋಡುತ್ತಿದ್ದ. ನಾಲ್ಕಾರು ಭಾನುವಾರ ಇದನ್ನು ಸಹಿಸಿಕೊಂಡ ವನಜಾಳಿಗೆ ಕೊನೆಗೆ ರೋಸಿಹೋಯಿತು.

"ಮಾವ, ಇನ್ಮೇಲೆ ಯಾರ್ಗೂ ಮಾತು ಎತ್ಕೊಡಂಗಿಲ್ಲ. ನಿನ್ ಮಾತು ನೀನಾಡು, ಅವ್ರದ್ದು ಅವ್ರಾಡ್ಲಿ."

"ಅವ್ನಿಗೆಲ್ಲಿದೆ ಮಾತು?" ಎಂದು ಮೇಷ್ಟ್ರು ಗುಡುಗಿದರು. ಇನ್ನು ಈ ಮಹಡಿ ಹತ್ತುವುದಿಲ್ಲ ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದರು.

ಅಂದಿನ ಕಥೆಯಲ್ಲಿ ಒಬ್ಬ ರಾಜ ಇವರ ತಂಡವನ್ನು ಅರಮನೆಗೆ ಊಟಕ್ಕೆ ಕರೆದಿದ್ದ. ವನಜಾಳೇ ರಾಜನಾಗಿ ಕದಿರಯ್ಯನ ಕಡೆ ತಿರುಗಿ, "ಬನ್ನಿ, ತಾವು ಯಾರು?" ಎಂದು ಮರ್ಯಾದೆಯಿಂದ ಕೇಳಿದಳು. ಕದಿರಯ್ಯ ಅಭ್ಯಾಸದಂತೆ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಹಟಕ್ಕೆ ಬಿದ್ದು ತುಟಿ ಬಿಗಿದು ಸೂರು ನೋಡುತ್ತಿದ್ದರು. ಕದಿರಯ್ಯ ಬೆವರಿದ. ಅವನಿಗೆ ಯಾರೂ ಎತ್ತಿಕೊಡದೆ ಬರುವುದು ಭೀಮನ ಮೊದಲ ಸಾಲು ಒಂದೇ. ಎದ್ದು ನಿಂತು ತೊಡೆ ತಟ್ಟಿ ಅದನ್ನೇ ಗರ್ಜಿಸಿದ.

"ಎಲವೋ ದುರುಳಾ, ಕಟ್ಟು ನಿನ್ನ ಸೊಂಟವನ್ನು, ಬಾ ಯುದ್ಧಕ್ಕೆ!"

ಊಟಕ್ಕೆ ಕರೆದ ರಾಜ ಕಕ್ಕಾಬಿಕ್ಕಿಯಾದ. ಸಭೆಯಲ್ಲಿ ಅಷ್ಟು ಜನರ ಎದುರು ಇಂಥ ಮಾತು ಬಂದ ಮೇಲೆ ರಾಜನಾದವನು ಸುಮ್ಮನಿರುವಂತಿಲ್ಲ. ವೀರನನ್ನು ಹಿಡಿದು ಕಟ್ಟಿದರು, ತಲೆ ತೆಗೆಯಬೇಕೆಂದು ಅಪ್ಪಣೆಯಾಯಿತು. ಭಾನುವಾರದಿಂದ ಭಾನುವಾರಕ್ಕೆ ಬೆಳೆಸಿದ ಪಾತ್ರ. ತಲೆ ಹೋದರೆ ಹೋಯಿತು, ಕದಿರಯ್ಯನಿಗೆ ಅದು ಮತ್ತೆ ಸಿಗುವುದಿಲ್ಲ. ಅವನ ಮುಖ ಬಾಡಿತು.

"ಈಗ ಬಾರ್ಡ್ ಒಬ್ನೇ ಮಾತಾಡಬಹುದು" ಎಂದಳು ವನಜಾ. "ಹಾಡುಗಾರ ಅಂತ ರಾಜ ನಿನ್ ಮಾತು ಕೇಳ್ತಾನೆ ಮಾವ. ಬೇಡ್ಕೋ. ಆಮೇಲೆ ದಾಳ ಹಾಕು. ಹತ್ತು ದಾಟಿದ್ರೆ ಇವ್ರು ಉಳ್ಕೊತಾರೆ."

ಮೇಷ್ಟ್ರು ಎದ್ದು ನಿಂತರು. ಕಾಲ ಕೆಳಗೆ ತುಳಿಯಲು ಏನೂ ಇಲ್ಲ, ಬೆರಳಿಗೆ ಹಾರ್ಮೋನಿಯಂ ಮನೆಗಳಿಲ್ಲ. ಗಂಟಲು ಸರಿಮಾಡಿಕೊಂಡು ಗಂಭೀರವಾಗಿ ಶುರುಮಾಡಿದರು. ನಾಲ್ಕು ಮಾತು ಮುಗಿಯುವಷ್ಟರಲ್ಲಿ ವನಜಾ ಕೈ ಅಡ್ಡ ಮಾಡಿದಳು.

"ಮಾವ, ಇದು ಸಂಧಾನದ ಕೃಷ್ಣನ ಮಾತು."

ಇನ್ನೊಂದು ಸಲ ಎತ್ತಿಕೊಂಡರು. ಅದು ವಿದುರನದಾಯಿತು. ಮೂರನೆಯದು ಯಾರದೆಂದು ಅವರಿಗೇ ಗೊತ್ತಾಗಿ ನಡುವೆಯೇ ನಿಲ್ಲಿಸಿದರು. ಗಂಟಲ ತುಂಬ ಮಾತು, ಒಂದೂ ತನ್ನದಲ್ಲ. ಹಣೆಯ ಮೇಲೆ ಬೆವರು ಕಾಣಿಸಿಕೊಂಡಿತು. ತಾನು ಕಾದದ್ದು ಇದೇ ಗಳಿಗೆಗೆ, ಈಗ ಕೈಗೆ ಸಿಕ್ಕಿ ಜಾರುತ್ತಿದೆ ಎನ್ನಿಸಿತು. ಆಗ ಎದುರಿಗೆ ನೋಡುತ್ತಾರೆ, ಕದಿರಯ್ಯ ಕಣ್ಣರಳಿಸಿಕೊಂಡು ಇವರಿಗೆ ಮಾತು ಎತ್ತಿಕೊಡಲು ತುಟಿ ಆಡಿಸುತ್ತಿದ್ದಾನೆ.

ಮೇಷ್ಟ್ರ ಪಿತ್ತ ನೆತ್ತಿಗೇರಿತು.

"ಮುಚ್ಲಾ ಬಾಯಿ" ಎಂದವರೇ ವನಜಾಳ ಕಡೆ ತಿರುಗಿದರು. "ನೋಡಿ ರಾಜ್ರೇ, ಇವ್ನು ದಡ್ಡ. ನಿಮ್ಮನ್ನ ಬೈಬೇಕು ಅಂತ ಬೈಲಿಲ್ಲ, ಇವ್ನಿಗೆ ಬರೋದೇ ಅದೊಂದು. ಇವ್ನ ಕಂಡ್ರೆ ನಂಗೆ ಹೊಟ್ಟೆಯುರಿ ಐತೆ ಸ್ವಾಮಿ, ಸುಳ್ಳು ಯಾಕೆ ಹೇಳ್ಲಿ. ಹಾಡೋನು ನಾನು, ಹಾರ ಇವ್ನಿಗೆ. ಮಾತು ನಂದು, ಮೀಸೆ ಇವ್ನದು. ಇಷ್ಟು ವರ್ಷದಲ್ಲಿ ಒಬ್ನಾದ್ರೂ ತಿರುಗಿ ನನ್ನ ಮುಖ ನೋಡಿಲ್ಲ. ಆದ್ರೂ ತಾಲೀಮಿಗೆ ಇವ್ನೊಂದಿನ ಬರ್ದಿದ್ರೆ ನಂಗೆ ಕೈಯೇ ಓಡಲ್ಲ. ಇವ್ನು ಆ ಕಡೆಯಿಂದ ನನ್ ಕಡೆ ನೋಡ್ತಾನಲ್ಲ, ಆಗ್ಲೇ ನಂಗೆ ಮುಂದಿಂದು ನೆಪ್ಪಾಗೋದು. ತಲೆ ತೆಗೆದ್ರೆ ನಾನು ಯಾರಿಗ್ ನುಡಿಸ್ಲಿ? ಬುಟ್‌ಬುಡಿ ಅವ್ನ."

ಕದಿರಯ್ಯ ಮೇಜು ನೋಡುತ್ತಿದ್ದ. ವನಜಾ ದಾಳವನ್ನು ಮಾವನ ಕಡೆ ತಳ್ಳಿದಳು.

ಮೇಷ್ಟ್ರು ಹಾಕಿದರು. ನಾಲ್ಕು ಬಿತ್ತು.

ವನಜಾ ಆಟದ ಕಟ್ಟಳೆ ಮುರಿಯುವವಳಲ್ಲ. "ರಾಜ ಕೇಳ್ಲಿಲ್ಲ" ಎಂದಳು ಮೆಲ್ಲಗೆ.

"ಥತ್, ಇದೊಂದು ಆಟ!" ಎಂದು ಮೇಷ್ಟ್ರು ದಾಳವನ್ನು ಅಂಗೈಯಿಂದ ಆಚೆಗೆ ಸರಿಸಿದರು. ಕದಿರಯ್ಯನ ಮುಖ ನೋಡಲು ಅವರಿಗೆ ಧೈರ್ಯ ಬರಲಿಲ್ಲ.

"ನನ್ ತಲೆ ಹೋದ್ರೆ ಹೋಯ್ತು ಬುಡಿ" ಎಂದ ಕದಿರಯ್ಯ. ಆಮೇಲೆ ನಾಟಕದ ಬಯಲಿನಲ್ಲಿ ಮುಂದಿನ ಸಾಲಿನವರು ಕೂಗುವಂತೆ ಎರಡೂ ಕೈ ಬಾಯಿಗೆ ಹಿಡಿದು ಕೂಗಿದ: "ಒನ್ಸ್ ಮೋರ್ ಮೇಷ್ಟ್ರೇ!"

ಗೌರೀಶ ಮೇಜು ಕುಟ್ಟಿದ. ವನಜಾಳೂ ರಾಜತನ ಮರೆತು ಕೂಗಿದಳು.

"ಅದೇನ್ ಬಾಯಿಪಾಠ ಏನ್ರಲಾ, ಇನ್ನೊಂದ್ಸಲ ಬರಕ್ಕೆ?" ಎಂದು ಮೇಷ್ಟ್ರು ಸಿಡುಕಿದರು. ಆದರೆ ಕೂರಲಿಲ್ಲ. ಕೂಗು ನಿಲ್ಲುವವರೆಗೂ ನಿಂತೇ ಇದ್ದರು.