ಬ್ಯಾಟರಿ ಸರಿಯಾಗಿಯೇ ಇತ್ತು

ಫೋರ್‌ಮನ್ನರ ಎಡಗೈಯ ಉಂಗುರದ ಬೆರಳಿನಲ್ಲಿ ಉಂಗುರವಿರಲಿಲ್ಲ. ಸುತ್ತಲೂ ಸುಟ್ಟು ಬಿಳಿಚಿದ ಕಲೆಯಿತ್ತು. ಯಾವ ಕಾಲದಲ್ಲೋ ಸ್ಪ್ಯಾನರಿಗೂ ಬ್ಯಾಟರಿಗೂ ನಡುವೆ ಸಿಕ್ಕಿ, ಮದುವೆಯ ಉಂಗುರ ಕೆಂಪಗೆ ಕಾದು ಮಾಂಸಕ್ಕೆ ಕಚ್ಚಿಕೊಂಡಿತ್ತಂತೆ. ವಿಶಾಖಪಟ್ಟಣದ ನಮ್ಮ ಕಾರ್ಖಾನೆಯ ವಾಹನ ಶೆಡ್ಡು ಅವರ ಕೈಯಲ್ಲಿತ್ತು. ಬಳ್ಳಾರಿ ಕಡೆಯವರು. ಹೊಸದಾಗಿ ಸೇರಿದ ನನ್ನನ್ನು, "ಏನವ್ವಾ ಇಂಜಿನಿಯರಮ್ಮ, ಓದಿದ್ದೆಲ್ಲಾ ಮನ್ಯಾಗ ಬಿಟ್ಟು ಬಾ" ಎಂದೇ ಬರಮಾಡಿಕೊಂಡರು. ಗಾಡಿ ಸ್ಟಾರ್ಟ್ ಆಗದಿದ್ದರೆ ತಕ್ಷಣ ಏನನ್ನೂ ಬಿಚ್ಚಲು ಬಿಡುತ್ತಿರಲಿಲ್ಲ. "ನಿನ್ನೆ ಇದನ್ನ ಯಾರು ಮುಟ್ಟಿದ್ರು? ಮೊದಲು ಅದನ್ನ ಕೇಳು" ಎನ್ನುವರು. ತಪ್ಪು ವೈರಿಗೆ ಕೈಹಾಕಿದರೆ ಹತ್ತು ಜನರೆದುರು ಅಳುವಂತೆ ಬೈಯುವರು.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಕಾರ್ಖಾನೆಯ ಆಂಬುಲೆನ್ಸಿನ ವೈರು ಸುಟ್ಟು ಹೊಗೆ ಬಂತು. ಫೋರ್‌ಮನ್ನರೇ ಇಡೀ ದಿನ ಕೂತು ವೈರಿಂಗ್ ಬದಲಿಸಿದರು. ಮರುದಿನ ಬೆಳಿಗ್ಗೆ ಒಬ್ಬ ವೆಲ್ಡರ್ ಮೇಲಿನಿಂದ ಬಿದ್ದ. ಡ್ರೈವರ್ ಓಡಿಬಂದು ಕೀ ತಿರುಗಿಸಿದರೆ ಟಿಕ್ ಎನ್ನುವ ಸದ್ದೂ ಇಲ್ಲ.

"ಲೈಟ್ಲು ಆಪಲೇದು ವೀಡು! ಬ್ಯಾಟರಿ ಡೌನ್!" ರಾತ್ರಿ ಲೈಟು ಆರಿಸದೆ ಬಿಟ್ಟಿದ್ದಾನೆಂದು ಫೋರ್‌ಮನ್ ಅವನ ಕಾಲರ್ ಹಿಡಿದರು.

"ಲೈಟ್ಲು ವೆಲುಗುತುನ್ನಾಯಿ ಸಾರ್, ಚೂಡಂಡಿ" ಎಂದು ಅವನು ಸ್ವಿಚ್ ಹಾಕಿ ತೋರಿಸುತ್ತ ಅಂಗಲಾಚಿದ. ಹೆಡ್‌ಲೈಟುಗಳು ನಿಜಕ್ಕೂ ಪ್ರಖರವಾಗಿ ಉರಿಯುತ್ತಿದ್ದವು. ಯಾರೂ ಅತ್ತ ನೋಡಲಿಲ್ಲ. ವೆಲ್ಡರನನ್ನು ಲಾರಿಯಲ್ಲಿ ಒಯ್ದರು. ದಾರಿಯಲ್ಲೇ ತೀರಿಕೊಂಡ.

ಆಮೇಲೆ ನಾನು ಮೀಟರ್ ಹಿಡಿದೆ. ಬ್ಯಾಟರಿ ತುಂಬಿತ್ತು. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಇಂಜಿನ್ನಿಗೂ ಇಟ್ಟು, ಡ್ರೈವರನಿಗೆ ಕೀ ತಿರುಗಿಸಲು ಹೇಳಿದೆ. ಸೊನ್ನೆ ತೋರಿಸಬೇಕಾದಲ್ಲಿ ಹನ್ನೆರಡು ವೋಲ್ಟ್. ಬಗ್ಗಿ ನೋಡಿದರೆ ಇಂಜಿನ್ನಿನಿಂದ ಬ್ಯಾಟರಿಗೆ ಕರೆಂಟು ಮರಳುವ ಅರ್ತಿಂಗ್ ಪಟ್ಟಿಯ ಬೋಲ್ಟು ಬೆರಳಲ್ಲೇ ತಿರುಗುತ್ತಿತ್ತು. ಹಿಂದಿನ ದಿನ ಅದನ್ನು ಬಿಚ್ಚಿದ್ದು ಫೋರ್‌ಮನ್ನರೊಬ್ಬರೇ.

ಅವರು ನನ್ನ ಹಿಂದೆಯೇ ನಿಂತಿದ್ದರು. ಬಗ್ಗಿ ಬೋಲ್ಟು ಬಿಗಿದರು. ಇಂಜಿನ್ ಒಂದೇ ಸಲಕ್ಕೆ ಶುರುವಾಯಿತು. ಡ್ರೈವರನನ್ನು ಆಚೆ ಕಳಿಸಿ ಅಂದರು: "ಇನ್ನೆಂಟು ತಿಂಗಳಿಗೆ ನನ್ನ ರಿಟೈರ್‌ಮೆಂಟ್ ಐತಿ. ಅವ ಗುತ್ತಿಗೆಯವ, ಎಲ್ಲಿ ಬೇಕಾದ್ರೂ ಗಾಡಿ ಓಡಿಸ್ತಾನ. ರಿಪೋರ್ಟಿನ್ಯಾಗ ನೀ ಬ್ಯಾಟರಿ ಅಂತ ಬರಿ." ಬೇಡಿಕೊಳ್ಳುವ ದನಿಯಲ್ಲ ಅದು, ದಿನವೂ ಪಾಠ ಹೇಳುತ್ತಿದ್ದ ದನಿ.

ಬರೆದೆ. ಡ್ರೈವರನನ್ನು ಕೆಲಸದಿಂದ ತೆಗೆದರು. ವೆಲ್ಡರನ ಕಡೆಯವರು ಅವನನ್ನು ಗೇಟಿನಾಚೆ ಹಾಕಿಕೊಂಡು ಹೊಡೆದರು. ಒಡೆದ ತುಟಿಯಲ್ಲೇ ನನ್ನ ಮೇಜಿನೆದುರು ಬಂದು ನಿಂತ. "ಮೀರು ಚೂಶಾರು ಕದಾ, ಮೇಡಂ?" ನೀವು ನೋಡಿದಿರಲ್ಲಾ ಎಂದು. ತೆಲುಗು ಬಾರದವಳಂತೆ ಕೂತಿದ್ದೆ.

ಇವತ್ತಿಗೂ ಕೆಟ್ಟು ನಿಂತ ಗಾಡಿಯ ಮುಂದೆ ನನ್ನ ಕೈ ನಡೆಯುವುದು ಫೋರ್‌ಮನ್ನರು ಕಲಿಸಿದ ಕ್ರಮದಲ್ಲೇ. ನಿವೃತ್ತರಾಗಿ ಅವರು ವಿಜಯವಾಡದ ಮಗಳ ಮನೆಯಲ್ಲಿದ್ದರು. ಮೂರು ವರ್ಷದ ಮೇಲೆ ತೀರಿಕೊಂಡರೆಂದು ತಿಳಿದು ಹೋದೆ. ಅವರ ಹೆಂಡತಿ ನನ್ನ ಕೈ ಹಿಡಿದವರು ಬಿಡಲಿಲ್ಲ.

"ನಿಮ್ಮನ್ನ ಭಾಳ ನೆನಸ್ತಿದ್ರವ್ವ. ಆಕಿಗೆ ಕೆಲಸ ಕಲಿಸಿದ್ದು ಸಾರ್ಥಕ ಆತು, ನನ್ನ ಮರ್ಯಾದಿ ಉಳಿಸಿದ್ಲು ಅಂತಿದ್ರು."

ಬಂದಿದ್ದ ನೆಂಟರಿಗೆಲ್ಲ ನನ್ನನ್ನು ಹಾಗೆಯೇ ಪರಿಚಯಿಸಿದರು. ಎಲ್ಲರೂ ಕೈಮುಗಿದರು. ನಾನೂ ಮುಗಿದೆ.