ಉಗ್ರಾಣದ ಹಳೇ ಕಂಪ್ಯೂಟರ್

ನನ್ನ ಗೆಳೆಯನನ್ನು ಗಿರಾಕಿಗಳು ನಿಧಾನಪ್ಪ ಎಂದು ಕರೆಯುತ್ತಿದ್ದರು, ಅದೂ ಎದುರಿಗೇ. ಅವನಿಗೆ ಬೇಸರವಿರಲಿಲ್ಲ. ಟೈಲರ್, ಹಲ್ಲಿನ ಡಾಕ್ಟರ್, ಗಾಜಿನಂಗಡಿಯವರು, ಟ್ಯೂಷನ್ ಹೇಳುವ ಅಕ್ಕತಂಗಿಯರು, ಹೀಗೆ ಆಸುಪಾಸಿನ ಜನರ ವೆಬ್‌ಸೈಟು, ಮೇಲ್‌ಗಳನ್ನು ಬಾಡಿಗೆಯ ಸರ್ವರ್ ಒಂದರಲ್ಲಿಟ್ಟು ನೋಡಿಕೊಳ್ಳುವುದು ಅವನ ಕಸುಬು. ಅಷ್ಟನ್ನೂ ಒಂದೇ ಪರದೆಯಿಂದ ನಡೆಸುವ ತಂತ್ರಾಂಶಕ್ಕೆ ಕಂಟ್ರೋಲ್ ಪ್ಯಾನೆಲ್ ಎನ್ನುತ್ತಾರೆ. ಅದರ ಹೊಸ ಆವೃತ್ತಿ ಬಂದರೆ ನಮ್ಮಂಥವರು ಒಂದು ಬ್ಯಾಕಪ್ ತೆಗೆದು, ಅಪ್‌ಡೇಟ್ ಗುಂಡಿ ಒತ್ತಿ, ಚಹಾ ಕುಡಿಯಲು ಎದ್ದುಬಿಡುತ್ತೇವೆ.

ಅವನು ಹಾಗಲ್ಲ. ಬ್ಯಾಕಪ್ಪನ್ನು ಮನೆಗೆ ಇಳಿಸಿಕೊಂಡು, ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿದ್ದ ಹಳೇ ಕಂಪ್ಯೂಟರಿನಲ್ಲಿ ಇಡೀ ಸರ್ವರನ್ನು ಮತ್ತೆ ಎಬ್ಬಿಸುತ್ತಿದ್ದ. ಆಮೇಲೆ ಹೆಂಡತಿಯನ್ನು ಕರೆದು ಸ್ಟೂಲಿನ ಮೇಲೆ ಕೂರಿಸುತ್ತಿದ್ದ. ಅವರು ಒಂದೊಂದೇ ಸೈಟು, ಒಂದೊಂದೇ ಮೇಲ್ ಪೆಟ್ಟಿಗೆ ತೆರೆದು ‘ಸರಿ’ ಎನ್ನಬೇಕು. ಎಲ್ಲದಕ್ಕೂ ಸರಿ ಬಿದ್ದರೆ ಅಪ್‌ಡೇಟ್ ಮೊದಲು ಆ ನಕಲಿಗೆ, ಮತ್ತೊಂದು ಸುತ್ತು ಸರಿ ಎನಿಸಿಕೊಂಡು ಆಮೇಲೆ ಅಸಲು ಸರ್ವರಿಗೆ. ಕೊನೆಗೆ ನಕಲನ್ನು ಅಳಿಸುತ್ತಿದ್ದ.

“ನಿಮ್ಮ ಕೆಲಸ ನೀವೇ ನೋಡ್ಕೋಬಾರದಾ? ಒಲೆ ಮೇಲೆ ಸಾರಿದೆ,” ಎಂದು ಒಮ್ಮೆ ನನ್ನೆದುರೇ ಅತ್ತಿಗೆ ರೇಗಿದ್ದರು.

“ನಾನು ಮಾಡಿದ್ದು ನನ್ನ ಕಣ್ಣಿಗೆ ಸರಿಯಾಗೇ ಕಾಣುತ್ತೆ. ನನ್ನ ತಪ್ಪು ಹುಡುಕೋದ್ರಲ್ಲಿ ನಿನ್ನ ಕೈ ಪಳಗಿದೆಯಲ್ಲ.”

ಅವನು ಆಸ್ಪತ್ರೆಯಲ್ಲಿ ತೀರಿಕೊಂಡ. ಶ್ವಾಸಕೋಶ ಕೈಕೊಟ್ಟಿತು. ನನಗೆ ಅಳು ಬಂದಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಕೊಟ್ಟ ಮೇಲೆ ಕೆನ್ನೆ ಮುಟ್ಟಿಕೊಂಡರೆ ಯಾರದೋ ಕೆನ್ನೆ ಎನಿಸುತ್ತದಲ್ಲ, ಹಾಗಿದ್ದೇನೆ. ಊಟ ಮಾಡುತ್ತೇನೆ, ಆಫೀಸಿಗೆ ಹೋಗಿಬರುತ್ತೇನೆ.

ಅತ್ತಿಗೆ ಫೋನ್ ಮಾಡಿದ್ದು ಪ್ಯಾನೆಲ್ಲಿನ ಹಳೇ ಆವೃತ್ತಿಗೆ ಇನ್ನು ಮುಂದೆ ಭದ್ರತೆಯ ತಿದ್ದುಪಡಿಗಳು ಬರುವುದಿಲ್ಲ ಎಂಬ ಎಚ್ಚರಿಕೆ ಬಂದಾಗ. “ಗಿರಾಕಿಗಳ ಜೊತೆ ಮಾತುಕತೆ, ಬಿಲ್ಲು ಎಲ್ಲ ನಾನೇ ನೋಡ್ತಿದ್ದೆ. ಈ ವ್ಯವಹಾರ ನಾನು ಬಿಡಲ್ಲ. ಈ ಅಪ್‌ಡೇಟ್ ಒಂದು ಮಾಡಿಕೊಡಿ, ನೋಡ್ಕೊಂಡು ಕಲೀತೀನಿ. ಏನಾದ್ರೂ ಕಳೆದುಹೋದ್ರೆ ಮಾತ್ರ ಒಬ್ಬ ಗಿರಾಕಿನೂ ಉಳಿಯಲ್ಲ. ಅವರು ಬಿಟ್ಟುಹೋಗಿರೋದು ಇದೊಂದೇ.”

ಬೆಳಿಗ್ಗೆ ಹೋದೆ. ಬ್ಯಾಕಪ್ ತೆಗೆದೆ. ‘ಯಶಸ್ವಿ’ ಎಂದು ಹಸಿರು ಅಕ್ಷರ ಬಂತು. ನನ್ನ ಆಫೀಸಿನಲ್ಲಾಗಿದ್ದರೆ ಅಲ್ಲಿಗೇ ಅಪ್‌ಡೇಟ್ ಒತ್ತುತ್ತಿದ್ದೆ. ಅತ್ತಿಗೆ ಆಗಲೇ ಅಡುಗೆಮನೆಯಿಂದ ಸ್ಟೂಲ್ ತಂದು ಉಗ್ರಾಣದಲ್ಲಿ ಹಾಕಿದ್ದರು.

ಹಳೇ ಕಂಪ್ಯೂಟರಿನಲ್ಲಿ ನಕಲು ಎದ್ದು ನಿಲ್ಲುವ ಹೊತ್ತಿಗೆ, ಅತ್ತಿಗೆ ಗಿರಾಕಿಗಳಿಗೆ ಕೊಟ್ಟಿದ್ದ ನನ್ನ ನಂಬರಿಗೆ ಟೈಲರ್ ಫೋನ್ ಮಾಡಿದ. ಅವನ ಗಿರಾಕಿಗಳ ಅಳತೆಗಳೆಲ್ಲ ಮೇಲ್‌ನಲ್ಲೇ ಇರುತ್ತವೆ. “ಇವತ್ತು ಅಪ್‌ಡೇಟ್ ಅಂದ್ರಲ್ಲ, ಇನ್ನೂ ಆಗಿಲ್ವಾ ಸಾರ್? ನಿಧಾನಪ್ಪ ಹೋದ್ರೂ ನಿಧಾನ ಹೋಗ್ಲಿಲ್ಲ ನೋಡಿ.” ಅಂದವನೇ ಫೋನ್ ಇಟ್ಟುಬಿಟ್ಟ.

ಅತ್ತಿಗೆ ಸೈಟುಗಳನ್ನು ತೆರೆಯುತ್ತ ಬಂದರು. ಸರಿ. ಸರಿ. ಗಾಜಿನಂಗಡಿ, ಸರಿ. ಆಮೇಲೆ ಟೈಲರನ ಮೇಲ್ ತೆರೆದು ಕೈ ನಿಲ್ಲಿಸಿದರು.

“ಖಾಲಿ ಇದೆ.”

“ಇನ್ನೊಮ್ಮೆ ತೆರೀರಿ.”

“ಖಾಲಿ ಅಂದ್ನಲ್ಲ. ಡಾಕ್ಟರದ್ದೂ ಖಾಲಿ.”

ಒಂದು ಪೆಟ್ಟಿಗೆಯಲ್ಲೂ ಏನೂ ಇರಲಿಲ್ಲ. ಅಸಲು ಸರ್ವರಿನಲ್ಲಿ ಮಾತ್ರ ಎಲ್ಲ ಇತ್ತು. ಹುಡುಕಿದಾಗ ಕಾರಣ ಸಿಕ್ಕಿತು. ಅವನು ಆಸ್ಪತ್ರೆಯಲ್ಲಿದ್ದಾಗ ಸರ್ವರಿನ ಡಿಸ್ಕ್ ತುಂಬಿಹೋಗಿತ್ತು. ಹಾಸಿಗೆಯಲ್ಲಿ ಮಲಗಿಯೇ ಲ್ಯಾಪ್‌ಟಾಪಿನಿಂದ ಹೊಸ ಡಿಸ್ಕ್ ಸೇರಿಸಿ, ಮೇಲ್‌ಗಳನ್ನೆಲ್ಲ ಅದಕ್ಕೆ ಸಾಗಿಸಿ, ಹಳೇ ಜಾಗದಲ್ಲಿ ‘ಅಲ್ಲಿದೆ’ ಎಂದು ತೋರಿಸುವ ಕೊಂಡಿಯೊಂದನ್ನು ಬಿಟ್ಟಿದ್ದ. ನಮ್ಮ ಬ್ಯಾಕಪ್ ಆ ಕೊಂಡಿಯನ್ನಷ್ಟೇ ಎತ್ತಿಕೊಂಡು ಬಂದಿತ್ತು. ಹೊಸ ಡಿಸ್ಕನ್ನೂ ಬ್ಯಾಕಪ್ಪಿಗೆ ಸೇರಿಸುವುದು ಅವನಿಂದ ಆಗಿರಲಿಲ್ಲ. ಅಪ್‌ಡೇಟ್ ನಡುವೆ ಕೆಟ್ಟಿದ್ದರೆ ಮೇಲ್‌ಗಳಿಗೆ ಬೇರೆ ನಕಲೇ ಇರಲಿಲ್ಲ.

ಅತ್ತಿಗೆಗೆ ಹೇಳಿದೆ. ಅವರು ಪರದೆಯನ್ನೇ ನೋಡುತ್ತಿದ್ದರು.

“ಯಾವತ್ತು ಸಾಗಿಸಿದ್ರು?”

ದಿನ ಹೇಳಿದೆ.

“ಅವತ್ತು ಮೂಗಿಗೆ ಆಕ್ಸಿಜನ್ ಹಾಕಿದ್ರು. ಸಾಕು ಅಂತ ಲ್ಯಾಪ್‌ಟಾಪ್ ಕಿತ್ತಿಟ್ಟಿದ್ದು ನಾನೇ.” ಸ್ಟೂಲ್ ಮುಂದಕ್ಕೆ ಎಳೆದುಕೊಂಡರು. “ಮೊದಲಿಂದ ಮಾಡಿ.”

ಎರಡು ಡಿಸ್ಕ್‌ಗಳನ್ನೂ ಸೇರಿಸಿ ಮೊದಲಿಂದ ತೆಗೆದೆ. ಮೊದಲಿಂದ ಎಬ್ಬಿಸಿದೆ. ಈ ಸಲ ಟೈಲರನ ಅಳತೆಗಳು ಬಂದವು. ಅತ್ತಿಗೆ ನಾಲ್ಕಾರು ಮೇಲ್ ತೆರೆದು, ತೋಳು, ಕಾಲರು ಎಂದು ಸಣ್ಣಗೆ ಓದಿಕೊಂಡು ಸರಿ ಎಂದರು. ನಕಲಿಗೆ ಅಪ್‌ಡೇಟ್ ಆಯಿತು, ಎಲ್ಲ ತೆರೆಯಿತು. ಅಸಲು ಸರ್ವರಿಗೆ ಗುಂಡಿ ಒತ್ತಿದ್ದು ಅತ್ತಿಗೆಯೇ. ಅದೂ ತೆರೆಯಿತು. ನನಗೆ ಖುಷಿಯಾಗಬೇಕಿತ್ತು. ಹಸಿವಾಗಿದೆ ಎಂದು ಮಾತ್ರ ಗೊತ್ತಾಯಿತು.

“ಈ ನಕಲು ಈಗ ಅಳಿಸ್ಬೇಕಾ?” ಎಂದು ಅತ್ತಿಗೆ ಕೇಳಿದರು.

“ಅವನು ಅಳಿಸ್ತಿದ್ದ. ಬ್ಯಾಕಪ್ ಬೇರೆ ಇದ್ದೇ ಇದೆ.”

“ಗೊತ್ತು,” ಎಂದರು. ತುಸು ಹೊತ್ತು ಕೈ ಕೀಲಿಮಣೆಯ ಮೇಲೇ ಇತ್ತು. ಆಮೇಲೆ ಅಳಿಸಿದರು.

ಟೈಲರ್ ಮತ್ತೆ ಫೋನ್ ಮಾಡಿದಾಗ ಅತ್ತಿಗೆಯೇ ನನ್ನ ಫೋನ್ ಎತ್ತಿಕೊಂಡರು. “ಮುಗೀತು. ನಿಮ್ಮ ಮೇಲ್ ಒಂದೊಂದೇ ತೆರೆದು ನೋಡಿ ಸಂಜೆಯೊಳಗೆ ಹೇಳಿ. ಅವಸರ ಬೇಡ.” ಆ ಕಡೆಯವನು ಏನೋ ಅಂದ. “ಹೂಂ, ನಿಧಾನಮ್ಮನೇ ಅನ್ನಿ. ಇನ್ಮೇಲೆ ಫೋನ್ ನನಗೇ ಮಾಡಿ.”

ನಾನು ಸ್ಟೂಲನ್ನು ಎತ್ತಿ ಅಡುಗೆಮನೆಗೆ ಹೊರಟಿದ್ದೆ. ಅಲ್ಲೇ ಇರಲಿ ಎಂದು ಅತ್ತಿಗೆ ಕೈಯಲ್ಲೇ ಸನ್ನೆ ಮಾಡಿದರು.